ರಿಸೆಪ್ಷನ್‌ಗೆ ಬಿಳಿ ಗೌನ್ ಬೇಕಂತೆ. ಚೀನಾದ ಮದುವೆ ನೋಡಿದವರು ಯಾರಾದ್ರೂ ಇದ್ದೀರಾ?

ಮಗ್ಗದ ಮೆಕ್ಯಾನಿಕ್, ದಾವಣಗೆರೆ

ನಮಸ್ಕಾರ. ಒಂದು ವಾರದಿಂದ ಅಕ್ಕನ ಮನೆಯಲ್ಲಿ ಜಗಳ. ಅವಳ ಮಗಳ ಮದುವೆ ಗೊತ್ತಾಗಿದೆ. ಧಾರೆ, ಅಕ್ಕಿಕಾಳು ಎಲ್ಲ ನಮ್ಮ ಪದ್ಧತಿಯಂತೆಯೇ, ಅದರಲ್ಲಿ ತಕರಾರಿಲ್ಲ. ಗಲಾಟೆ ಹಿಂದಿನ ದಿನ ಸಂಜೆಯ ರಿಸೆಪ್ಷನ್‌ದು. ಹುಡುಗಿಗೆ ನೆಲ ಗುಡಿಸುವಷ್ಟು ಉದ್ದದ ಬಿಳಿ ಗೌನ್ ಬೇಕಂತೆ. ನಮ್ಮ ಭಾವ ಕೇಳಿದ್ದು ಒಂದೇ ಮಾತು: "ಮದುವೆ ಹುಡುಗಿ ಬಿಳಿ ಬಟ್ಟೆ ಹಾಕ್ಕಂಡು ನಿಂತ್ಕಳಾಕೆ ಯಾರು ಸತ್ತಾರೆ? ನಾನಿನ್ನೂ ಬದುಕಿದೀನಿ."

ಹುಡುಗಿ ನನ್ನ ಕಡೆ ತಿರುಗಿದಳು. "ಮಾಮ, ಚೀನಾದವರಿಗೂ ಬಿಳಿ ಅಂದ್ರೆ ಸಾವಿನ ಬಣ್ಣ ಅಂತ ನೀನೇ ಹೇಳಿದ್ದೆ. ಆದ್ರೂ ಮದುವೆಗೆ ಬಿಳಿ ಗೌನೇ ಹಾಕ್ತಾರೆ ಅಂತನೂ ನೀನೇ ಹೇಳಿದ್ದೆ. ಅಪ್ಪಂಗೆ ಹೇಳು." ಹೇಳಿದೆ. ನಾನು ಹುಡುಗಿ ಪರ ಕಥೆ ಕಟ್ತಿದ್ದೀನಿ ಅಂತ ಭಾವ ಎದ್ದು ಹೊರಗೆ ಹೋದರು.

ಕಥೆ ಅಲ್ಲ ಸ್ವಾಮಿ, ಕಣ್ಣಾರೆ ಕಂಡಿದ್ದು. ನಾನು ಮಗ್ಗದ ಮೆಷಿನ್ ಕೂರಿಸುವ ಕೆಲಸದವನು. ಅಪ್ಪ ಇಲ್ಲೇ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಕಂಪನಿ ನನ್ನನ್ನು ಸುಝೋ ಊರಿಗೆ ಕಳಿಸಿತ್ತು, ಶಾಂಘೈಯಿಂದ ಬುಲೆಟ್ ರೈಲಲ್ಲಿ ಅರ್ಧ ಗಂಟೆ ದಾರಿ. ಅಲ್ಲಿ ಟೈಗರ್ ಹಿಲ್ ಅಂತ ಒಂದು ಗುಡ್ಡ, ಮೇಲೊಂದು ವಾಲಿದ ಹಳೇ ಗೋಪುರ. ಗುಡ್ಡದ ಬುಡದಲ್ಲಿ ಸಾಲು ಸಾಲಾಗಿ ಮದುವೆ ಗೌನಿನ ಅಂಗಡಿಗಳು. ಸುತ್ತಲಿನ ಊರವರು ಮದುವೆ ಜವಳಿ ತೆಗೆಯೋಕೆ ದಾವಣಗೆರೆಗೆ ಬರ್ತಾರಲ್ಲ, ಹಾಗೆ ಅಲ್ಲಿಗೆ ಎಲ್ಲೆಲ್ಲಿಂದಲೋ ಬರ್ತಾರೆ. ಅಂಗಡಿ ತುಂಬಾ ಬಿಳಿಯೇ ಬಿಳಿ. ಮೊದಲ ಸಲ ನೋಡಿದಾಗ ಹತ್ತಿ ಮಂಡಿಗೆ ಬಂದ ಹಾಗಾಯಿತು.

2019ರ ಅಕ್ಟೋಬರ್ ಮೊದಲ ವಾರ ನಮ್ಮ ಸೆಕ್ಷನ್ನಿನ ಹುಡುಗನ ಮದುವೆ. ಅಲ್ಲಿ ಆ ವಾರ ಪೂರ್ತಿ ರಾಷ್ಟ್ರೀಯ ರಜೆ, ಮದುವೆಗಳ ಸುಗ್ಗಿ. ಮುಯ್ಯಿ ಇಲ್ಲದೆ ಹೋಗೋಕಾಗುತ್ತಾ? ಆಫೀಸಿನ ಬಿಳಿ ಕವರಲ್ಲಿ 501 ಯುವಾನ್ ಹಾಕಿದೆ. ನೂರರ ಐದು ನೋಟು, ಮೇಲೊಂದು ನಾಣ್ಯ. ಅಮ್ಮ ಊರಿಂದ ಕಟ್ಟಿ ಕಳಿಸಿದ್ದ ಕುಂಕುಮವಿತ್ತು, ಶಾಸ್ತ್ರಕ್ಕೆ ಅಂತ ಕವರಿನ ನಾಲ್ಕು ಮೂಲೆಗೂ ಹಚ್ಚಿದೆ.

ಹೋಟೆಲ್ ಬಾಗಿಲಲ್ಲಿ ಒಂದು ಟೇಬಲ್. ಇಬ್ಬರು ಹೆಂಗಸರು ಕೂತಿದ್ದಾರೆ. ಒಬ್ಬರು ಕವರ್ ಬಿಚ್ಚಿ ಎಣಿಸ್ತಾರೆ, ಇನ್ನೊಬ್ಬರು ಕೆಂಪು ರಟ್ಟಿನ ಪುಸ್ತಕದಲ್ಲಿ ಹೆಸರು, ಮೊತ್ತ ಬರೀತಾರೆ. ನಮ್ಮ ಮುಯ್ಯಿ ಪುಸ್ತಕವೇ! ನನಗಂತೂ ಹುಟ್ಟೂರಿಗೆ ಬಂದಷ್ಟು ಖುಷಿಯಾಗಿ ಕವರ್ ಮುಂದೆ ಚಾಚಿದೆ. ಆ ಹೆಂಗಸು ಕೈ ಮುಂದೆ ಮಾಡಿದವರು ಹಾಗೇ ನಿಲ್ಲಿಸಿದರು. ಕವರ್ ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ ಎರಡೇ ಬೆರಳಲ್ಲಿ ತುದಿ ಹಿಡಿದು ತೆಗೆದುಕೊಂಡು ಟೇಬಲ್ ಕೆಳಗೆ ಇಟ್ಟುಬಿಟ್ಟರು.

ಮದುಮಗನೇ ಓಡಿ ಬಂದ. ಬಿಳಿ ಕವರ್ ಕೊಡೋದು ಸತ್ತವರ ಮನೆಗಂತೆ. ಬೆಸ ಮೊತ್ತವೂ ಅದಕ್ಕೇ ಅಂತೆ. ಮದುವೆಗೆ ಕೆಂಪು ಕವರು, ಜೋಡಿ ಲೆಕ್ಕ. ಅದರಲ್ಲೂ 4 ಬರಬಾರದು, ಆ ಅಂಕಿ ಉಚ್ಚಾರದಲ್ಲಿ ಸಾವು ಅನ್ನೋ ಪದದ ಹಾಗೇ ಕೇಳಿಸುತ್ತೆ. 6, 8 ಬಂದರೆ ಒಳ್ಳೇದು. ಅವನೇ ಒಂದು ಕೆಂಪು ಕವರ್ ತಂದು, ತನ್ನ ಜೇಬಿಂದ ನೂರರ ನೋಟು ಸೇರಿಸಿ 600 ಮಾಡಿ ನನ್ನ ಹೆಸರಲ್ಲಿ ಬರೆಸಿದ. ನಾಣ್ಯ ಮಾತ್ರ ನನ್ನ ಕೈಯಲ್ಲಿ ವಾಪಸ್ ಇಟ್ಟ. ಮದುಮಗನ ಹತ್ತಿರವೇ ಮುಯ್ಯಿ ಸಾಲ ಮಾಡಿದ ಏಕೈಕ ದಾವಣಗೆರೆಯವನು ನಾನೇ ಇರಬೇಕು!

ಒಳಗೆ ಮದುಮಗಳು ಬಿಳಿ ಗೌನಲ್ಲಿ. ಬೆಳಿಗ್ಗೆ ಅವಳ ಮನೆಗೆ ಹೆಣ್ಣು ಕರೆತರಲು ಹೋದಾಗ ಅವಳು ಮೈತುಂಬಾ ಕೆಂಪು ಕಸೂತಿ ಬಟ್ಟೆಯಲ್ಲಿದ್ದಳು. ಸಂಜೆ 5.58ಕ್ಕೆ ಸರಿಯಾಗಿ ದೀಪ ಆರಿಸಿದರು. ಅದು ಅವರ ಮುಹೂರ್ತ, ಎಂಟು ಬರಬೇಕಲ್ಲ. ಹಾಲ್ ನಡುವೆ ಗಾಜಿನಂಥ ಉದ್ದ ವೇದಿಕೆ, ಹೂವಿನ ಕಮಾನು. ಇಂಗ್ಲಿಷ್ ಮದುವೆಯ ಆರ್ಗನ್ ಸಂಗೀತ. ಅಪ್ಪ ಮಗಳ ಕೈ ಹಿಡಿದು ನಡೆಸಿಕೊಂಡು ಬಂದು ಹುಡುಗನಿಗೆ ಒಪ್ಪಿಸಿದರು. ಪಾದ್ರಿ ಇಲ್ಲ, ಶಿಲುಬೆ ಇಲ್ಲ. ಪಾದ್ರಿಯ ಜಾಗದಲ್ಲಿ ಮಿಂಚುವ ಕೋಟಿನ ನಿರೂಪಕ. ಅವನು ಅಪ್ಪನ ಬಾಯಿಗೆ ಮೈಕ್ ಹಿಡಿದು ಅಳಿಸಿಯೇ ಬಿಟ್ಟ. ಉಂಗುರ ಆಯಿತು, ಮುತ್ತು ಆಯಿತು, ಗ್ಲಾಸಿನ ಗೋಪುರಕ್ಕೆ ವೈನ್ ಸುರಿದದ್ದಾಯಿತು. ಏಳು ಅಂತಸ್ತಿನ ಕೇಕಿಗೆ ಇಬ್ಬರೂ ಸೇರಿ ಚಾಕು ಹಾಕಿದರು. ನಾನು ಪಕ್ಕದಲ್ಲೇ ಇದ್ದೆ. ಚಾಕು ಇಳಿದದ್ದು ಕೆಳಗಿನ ಒಂದು ಅಂತಸ್ತಿಗೆ ಮಾತ್ರ, ಮೇಲಿನದ್ದೆಲ್ಲ ಥರ್ಮಾಕೋಲ್.

ಇಷ್ಟಕ್ಕೂ ಯಾರೂ ನೋಡ್ತಿರಲಿಲ್ಲ! ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗಿಯೋರು, ಫೋನ್ ನೋಡೋರು, ಮದುಮಗಳ ಹಿಂದೆ ಆ ಗಾಜಿನ ವೇದಿಕೆ ಮೇಲೆ ಜಾರೋ ಮಕ್ಕಳು. ಜೀನ್ಸ್ ಹಾಕಿ ಬಂದವರೇ ಜಾಸ್ತಿ, ಕೋಟು ಹಾಕಿದ ಮಂಕ ನಾನೊಬ್ಬನೇ. ಇಪ್ಪತ್ತೇ ನಿಮಿಷ. ಮದುಮಗಳು ಒಳಗೆ ಹೋಗಿ ಕೆಂಪು ಬಟ್ಟೆಯಲ್ಲಿ ವಾಪಸ್ ಬಂದಳು. ಆಮೇಲೆ ಟೇಬಲ್ ಟೇಬಲ್‌ಗೂ ಹೋಗಿ ಹಿರಿಯರಿಗೆ ಸಿಗರೇಟ್ ಹಚ್ಚಿ ಕೊಟ್ಟು, ಎಲ್ಲರ ಜೊತೆ ಒಂದೊಂದು ಗುಟುಕು. ಮದುಮಗನ ಪುಟ್ಟ ಲೋಟದಲ್ಲಿ ಇದ್ದದ್ದು ಬರೀ ನೀರು ಅಂತ ಮರುವಾರ ಹೇಳಿದ. ನಾನು ಸಸ್ಯಾಹಾರಿ. ದೊಡ್ಡ ಇಡೀ ಮೀನು ತಂದು, ದೂರದ ಅತಿಥಿ ಅಂತ ಗೌರವಕ್ಕೆ ಅದರ ತಲೆ ನನ್ನ ಕಡೆಗೇ ತಿರುಗಿಸಿಟ್ಟರು. ಊಟ ಮುಗಿಯೋವರೆಗೂ ಅದು ನನ್ನನ್ನೇ ನೋಡ್ತಿತ್ತು. ನಾನು ಶೇಂಗಾ ತಿಂತಿದ್ದೆ.

ಎಂಟು ಗಂಟೆಗೆ ಹಾಲ್ ಖಾಲಿ. ಉಳಿದ ಊಟ ಡಬ್ಬಿಗೆ ತುಂಬಿಕೊಂಡು ಎಲ್ಲರೂ ಮನೆಗೆ.

ಈಗ ಪ್ರಶ್ನೆ. ಅಲ್ಲಿ ಹಿರಿಯರು ಬಿಳಿ ಗೌನ್ ನೋಡಿ ತಕರಾರು ಮಾಡಲ್ವಾ? ನಾನು ನೋಡಿದ್ದು ಒಂದೇ ಮದುವೆ. ಬೇರೆ ಯಾರಾದ್ರೂ ಅಲ್ಲಿದ್ದವರು ಇದ್ದರೆ ಹೇಳಿ, ಭಾವನವರಿಗೆ ತೋರಿಸ್ತೀನಿ. ನಾಲ್ಕು ಜನ ಬರೆದಿದ್ದು ಓದಿದರೆ ನಂಬ್ತಾರೆ.

---

ಡಾಕ್ಟ್ರಮ್ಮ, ವಿದ್ಯಾನಗರ

ಅಣ್ಣ, ನಿಮ್ಮ ಕವರಿನ ಕಥೆ ಓದಿ ನಕ್ಕು ನಕ್ಕು ಸಾಕಾಯ್ತು. ಕುಂಕುಮ ಬೇರೆ!

ನಾನು ಎಂಬಿಬಿಎಸ್ ಓದಿದ್ದು ಚಿಂಗ್‌ದಾವ್‌ನಲ್ಲಿ. ಸಮುದ್ರದ ದಂಡೆಯ ಊರು, ಒಂದು ಕಾಲಕ್ಕೆ ಜರ್ಮನ್ನರ ಕೈಯಲ್ಲಿತ್ತು. ಅಲ್ಲಿ ಎರಡು ಗೋಪುರದ ಹಳೇ ಕ್ಯಾಥೊಲಿಕ್ ಚರ್ಚ್ ಇದೆ, 1934ರಲ್ಲಿ ಕಟ್ಟಿ ಮುಗಿಸಿದ್ದು. ಭಾನುವಾರ ಅದರ ಮುಂದಿನ ಬಯಲಿಗೆ ಹೋದರೆ ಹತ್ತು ಹದಿನೈದು ಮದುಮಗಳು ಒಟ್ಟಿಗೆ ಸಿಗ್ತಾರೆ. ಚರ್ಚ್ ಒಳಗೆ ಮದುವೆ ಆಗೋಕೆ ಬಂದವರಲ್ಲ, ಹಿನ್ನೆಲೆಗೆ ಗೋಪುರ ಬೇಕು ಅಷ್ಟೇ. ಒಂದು ಜೋಡಿ ಮೆಟ್ಟಿಲು ಬಿಡೋದನ್ನೇ ಇನ್ನೊಂದು ಜೋಡಿ ಕಾಯ್ತಾ ನಿಂತಿರುತ್ತೆ.

ಈ ಫೋಟೋ ತೆಗೆಸೋದು ಮದುವೆ ದಿನ ಅಲ್ಲ. ಎಷ್ಟೋ ತಿಂಗಳ ಮುಂಚೆಯೇ ಮುಗಿದಿರುತ್ತೆ. ಸ್ಟುಡಿಯೋದವರೇ ಗೌನ್, ಮೇಕಪ್, ಕೋಟು ಎಲ್ಲ ಬಾಡಿಗೆಗೆ ಕೊಡ್ತಾರೆ. ಮಾರ್ಚ್‌ನಲ್ಲಿ ಅಲ್ಲಿ ಹಲ್ಲು ಕಟಕಟ ಅನ್ನೋ ಚಳಿ. ಒಂದ್ಸಲ ಗಾಳಿಗೆ ಒಬ್ಬಳ ಗೌನ್ ಮೇಲೆದ್ದಿತು. ಒಳಗೆ ದಪ್ಪ ಉಲ್ಲನ್ ಪ್ಯಾಂಟು, ಕಾಲಿಗೆ ಕ್ಯಾನ್ವಾಸ್ ಶೂ! ಬಾಡಿಗೆ ಗೌನ್ ಮೈಗೆ ಹೊಂದಲ್ಲ ಅಂತ ಬೆನ್ನುದ್ದಕ್ಕೂ ಬಟ್ಟೆ ಒಣಗಿಸೋ ಕ್ಲಿಪ್ ಹಾಕಿರ್ತಾರೆ. ಮುಂದಿಂದ ನೋಡಿದರೆ ರಾಣಿ, ಹಿಂದಿಂದ ನೋಡಿದರೆ ನಮ್ಮನೆ ಟೆರೇಸಿನ ತಂತಿ.

ನಿಮ್ಮ ಪ್ರಶ್ನೆಗೆ ಬರ್ತೀನಿ. ನನ್ನ ರೂಮ್‌ಮೇಟಿನ ಅಕ್ಕನ ಮದುವೆಗೆ ಹಳ್ಳಿಗೆ ಹೋಗಿದ್ದೆ. ಅವರ ಅಜ್ಜಿಗೆ ಎಂಬತ್ತು ದಾಟಿತ್ತು. ಗೌನ್ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಬಗ್ಗಿ ಗೌನಿನ ಅಂಚು ಎತ್ತಿ ಮೊಮ್ಮಗಳ ಶೂ ನೋಡಿದರು, ಅಷ್ಟೇ. ಶೂ ಕೆಂಪಗಿತ್ತು. ಎದೆ ಮೇಲೆ ಕೆಂಪು ಹೂ ಸಿಕ್ಕಿಸಿದ್ದರು, ಬಾಗಿಲಿಗೆ ಕೆಂಪು ಕಾಗದದಲ್ಲಿ ಕತ್ತರಿಸಿದ "ಜೋಡಿ ಸಂತೋಷ" ಅನ್ನೋ ಶುಭದ ಅಕ್ಷರ, ಕಾರಿಗೆ ಕೆಂಪು ರಿಬ್ಬನ್. ಇಷ್ಟು ಕೆಂಪಿನ ನಡುವೆ ಬಿಳಿ ಏನು ಮಾಡೀತು ಅನ್ನೋ ಧೈರ್ಯ ಇರಬೇಕು ಅವರಿಗೆ.

ಇನ್ನೊಂದು ವಿಷಯ ನಿಮಗೂ ಗೊತ್ತಿರಬೇಕು. ಆ ಸ್ಟೇಜ್ ಮೇಲಿನದ್ದು ಮದುವೆಯೇ ಅಲ್ಲ. ಕಾನೂನು ಪ್ರಕಾರ ಅವರು ಮುಂಚೆಯೇ ಗಂಡ ಹೆಂಡತಿ ಆಗಿರ್ತಾರೆ. ಸರ್ಕಾರಿ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ ಇಬ್ಬರಿಗೂ ಒಂದೊಂದು ಕೆಂಪು ಪುಸ್ತಕ ತರ್ತಾರೆ. 9 ಯುವಾನ್ ಫೀ ಇತ್ತು, 2017ರಲ್ಲಿ ಅದನ್ನೂ ತೆಗೆದರು. ಆ ಪುಸ್ತಕದಲ್ಲಿ ಜೋಡಿ ಫೋಟೋ ಇರುತ್ತೆ, ಹಿಂದೆ ಕೆಂಪು ಪರದೆ, ಇಬ್ಬರಿಗೂ ಹೆಚ್ಚಾಗಿ ಬಿಳಿ ಶರ್ಟು. ಮನೆಯವರ ಪಾಲಿಗೆ ಮದುವೆ ಅಂದರೆ ಟೀ ಕೊಡೋದು. ಹುಡುಗ ಹುಡುಗಿ ಮಂಡಿಯೂರಿ ಅತ್ತೆ ಮಾವನಿಗೆ ಟೀ ಕೊಟ್ಟು, ಮೊದಲ ಸಲ ಬಾಯ್ತುಂಬಾ "ಅಪ್ಪ, ಅಮ್ಮ" ಅಂತ ಕರೀಬೇಕು. ಹಾಗೆ ಕರೆದದ್ದಕ್ಕೆ ಕೆಂಪು ಕವರ್ ಸಿಗುತ್ತೆ. ನನ್ನ ಕಣ್ಣಲ್ಲಿ ನೀರು ಬಂದದ್ದು ಅಲ್ಲಿ. ಸಂಜೆ ಆರ್ಗನ್ ಬಾರಿಸಿದಾಗ ಆಕಳಿಕೆ ಬಂತು.

ಆಮೇಲೆ ಹಾಸಿಗೆ ತೋರಿಸಿದರು. ಮೇಲೆಲ್ಲ ಒಣಗಿದ ಕೆಂಪು ಬಾರೆಹಣ್ಣಿನ ಥರದ್ದು, ಶೇಂಗಾ, ತಾವರೆ ಬೀಜ ಚೆಲ್ಲಿದ್ದರು. ಅವುಗಳ ಹೆಸರು ಒಟ್ಟಿಗೆ ಹೇಳಿದರೆ "ಬೇಗ ಮಗು ಆಗಲಿ" ಅಂತ ಕೇಳಿಸುತ್ತಂತೆ. ಅದರ ಮೇಲೆ ಮಲಗೋದು ಹೇಗೆ ಅಂತ ನಾನು ಕೇಳಿಬಿಟ್ಟೆ. ಎಲ್ಲರೂ ನಕ್ಕರು, ಉತ್ತರ ಯಾರೂ ಕೊಡಲಿಲ್ಲ.

---

ರಿಟೈರ್ಡ್ ಮೇಷ್ಟ್ರು, ಚಿತ್ರದುರ್ಗ

ಹಿಸ್ಟರಿ ಪಾಠ ಮಾಡಿದವನು ನಾನು, ಚೀನಾ ನೋಡಿಲ್ಲ. ಆದರೂ ಮೂಗು ತೂರಿಸ್ತೀನಿ, ಬೇಜಾರಾಗಬೇಡಿ.

ಇಂಗ್ಲೆಂಡಿನಲ್ಲೂ ಈ ಬಿಳಿ ಗೌನ್ ಅಷ್ಟು ಹಳೇದೇನಲ್ಲ. 1840ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ರಾಣಿ ಮದುವೆಗೆ ಬಿಳಿ ಹಾಕಿಕೊಂಡ ಮೇಲೆ ಅದು ಫ್ಯಾಷನ್ ಆಯಿತು. ಅದಕ್ಕೂ ಮುಂಚೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಯಾವ ಬಣ್ಣದ್ದಿದ್ದರೂ ನಡೀತಿತ್ತು. ಚೀನಾಕ್ಕೆ ಅದು ಹೋಗಿದ್ದು ಶಾಂಘೈನಂಥ ಬಂದರು ಊರುಗಳ ದಾರಿಯಲ್ಲಿ. 1927ರ ಡಿಸೆಂಬರ್ 1ರಂದು ಶಾಂಘೈನಲ್ಲಿ, ಮುಂದೆ ಚೀನಾ ಆಳಿದ ಚಿಯಾಂಗ್ ಕೈ-ಶೇಕ್ ಮತ್ತು ಸೂಂಗ್ ಮೇ-ಲಿಂಗ್ ಮದುವೆ ಆಯಿತು. ಮೊದಲು ಹುಡುಗಿ ಮನೆಯಲ್ಲಿ ಕ್ರೈಸ್ತ ಪದ್ಧತಿಯಲ್ಲಿ, ಆಮೇಲೆ ದೊಡ್ಡ ಹೋಟೆಲಿನಲ್ಲಿ ಎಲ್ಲರ ಮುಂದೆ. ಅವರ ಫೋಟೋ ನೋಡಿ. ಹುಡುಗಿ ಬಿಳಿ ಬಟ್ಟೆ, ಹುಡುಗ ಕೋಟು. 1935ರಲ್ಲಿ ಅದೇ ಊರಿನಲ್ಲಿ ಸರ್ಕಾರವೇ ಸಾಮೂಹಿಕ ಮದುವೆ ಶುರು ಮಾಡಿತು, ಮೊದಲ ಸಲ 57 ಜೋಡಿ. ದುಂದು ಕಡಿಮೆ ಆಗಲಿ ಅಂತ. ನಮ್ಮ ಮುರುಘಾ ಮಠದಲ್ಲಿ ತಿಂಗಳ 5ನೇ ತಾರೀಖು ನಡೆಯೋ ಸಾಮೂಹಿಕ ಮದುವೆ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಕಮ್ಯುನಿಸ್ಟ್ ನಾಯಕ ಮಾವೋ ಕಾಲ ಬಂತು. ಹಳೇದು, ವಿದೇಶಿ ಅನ್ನಿಸಿದ್ದನ್ನೆಲ್ಲ ಅಳಿಸಹೊರಟ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಗೌನ್ ಹಾಕೋದಿರಲಿ, ಮನೆಯಲ್ಲಿ ಇಟ್ಟುಕೊಂಡರೂ ಅಪಾಯ. ಮಾವೋ ಪಟಕ್ಕೆ ನಮಸ್ಕಾರ ಮಾಡಿ ಬಂದವರಿಗೆ ಮಿಠಾಯಿ ಹಂಚಿದರೆ ಮದುವೆ ಆಯಿತು. ಹುಡುಗಿ ಮನೆಯವರ ಆಸೆ ಅಂದರೆ ಸೈಕಲ್, ವಾಚು, ಹೊಲಿಗೆ ಮೆಷಿನ್, ರೇಡಿಯೋ. ಇದು 1970ರ ದಶಕದ ದಾವಣಗೆರೆಯ ವರದಕ್ಷಿಣೆ ಪಟ್ಟಿಯೂ ಹೌದಲ್ಲ!

ಅಲ್ಲಿನ ಹಿರಿಯರು ಯಾಕೆ ತಕರಾರು ಮಾಡಲ್ಲ ಅಂತ ಕೇಳಿದಿರಿ. ಇವತ್ತು ಅಜ್ಜ ಅಜ್ಜಿ ಆಗಿರೋರು ಮಾವೋ ಕಾಲದಲ್ಲಿ ಎಲ್ಲರೂ ಹಾಕ್ತಿದ್ದ ನೀಲಿ, ಬೂದು ಬಟ್ಟೆಯಲ್ಲೇ ಮದುವೆ ಆದವರು. ಎಷ್ಟೋ ಜನ ಅರವತ್ತು ಎಪ್ಪತ್ತು ದಾಟಿದ ಮೇಲೆ ಸ್ಟುಡಿಯೋಗೆ ಹೋಗಿ, ಆಗ ಇಲ್ಲದ ಗೌನ್ ಈಗ ಹಾಕಿ ಫೋಟೋ ತೆಗೆಸಿಕೊಳ್ತಾರೆ. ಅವರು ಮೊಮ್ಮಗಳಿಗೆ ಬೇಡ ಅಂತಾರಾ?

ಇನ್ನು ಭಾವನವರಿಗೆ ಒಂದು ಮಾತು. ಮೈಸೂರು ಸೀಮೆಯ ಕಡೆ ಎಷ್ಟೋ ಮನೆಗಳಲ್ಲಿ ಹುಡುಗಿ ಧಾರೆಗೆ ಉಡೋದು ಕೆಂಪಂಚಿನ ಬಿಳಿ ಸೀರೆಯನ್ನೇ. ಅವರ ಕಡೆ ಯಾರೂ ಸತ್ತಿರೋದಿಲ್ಲ.

---

ಹಗೇದಿಬ್ಬ ಸರ್ಕಲ್

ಬೆಂಗಳೂರಿನವರು ಮಾಡಿದ್ರು ಅಂತ ಹಳದಿ ಫಂಕ್ಷನ್, ಹಿಂದಿಯವರು ಮಾಡಿದ್ರು ಅಂತ ಸಂಗೀತ್, ಈಗ ಚೀನಾದವರು ಮಾಡಿದ್ರು ಅಂತ ಗೌನ್. ಸಾಲ ತೀರಿಸೋಕೆ ಮಾತ್ರ ಹುಡುಗಿ ಅಪ್ಪ. ಭಾವನವರು ಹೇಳಿದ್ದೇ ಸರಿ.

---

ಕೋಟೆ ಕ್ಯಾಮೆರಾ, ಚಿತ್ರದುರ್ಗ

ಹನ್ನೊಂದು ವರ್ಷದಿಂದ ಮದುವೆ ಫೋಟೋ ತೆಗೀತಿದ್ದೀನಿ, ಕಸುಬಿನವನ ಮಾತು ಕೇಳಿ. ಚೀನಾದವರನ್ನ ನೋಡಿ ನಗಬೇಡಿ, ಅವರಂತೆ ನಾವೂ ಮದುವೆಗೆ ಮುಂಚೆಯೇ ಶೂಟ್ ಮುಗಿಸಿ ಆ ಫೋಟೋ ಮಂಟಪದ ಬಾಗಿಲಿಗೆ ನಿಲ್ಲಿಸ್ತೀವಿ. ಚಂದ್ರವಳ್ಳಿಯಲ್ಲಿ, ಜೋಗಿಮಟ್ಟಿ ಗಾಳಿಯಂತ್ರದ ಹತ್ತಿರ, ಮಾರಿಕಣಿವೆಯಲ್ಲಿ ಉದ್ದ ಬಾಲದ ಗೌನ್ ಹಿಡ್ಕಂಡು ಓಡೋ ಹುಡುಗರಿಗೆ ದಿನಗೂಲಿ ಕೊಟ್ಟು ಇಟ್ಟುಕೊಂಡಿದ್ದೀನಿ. ಗಾಳಿಗೆ ಅದನ್ನ ಹಾರಿಸಿ, ಫ್ರೇಮಿಂದ ಹೊರಗೆ ಬೀಳೋದೇ ಅವರ ಕೆಲಸ.

ಕೋಟೆ ಒಳಗೆ ಟ್ರೈಪಾಡ್ ಇಟ್ಟು ಶೂಟ್ ಮಾಡಬೇಕು ಅಂದರೆ ಪುರಾತತ್ವ ಇಲಾಖೆಯ ಪರವಾನಗಿ ಬೇಕು. ಅದನ್ನ ಮೊದಲೇ ಮಾಡಿಸಿ, ಆ ದಿನ ಬಂದು ಗೇಟಲ್ಲಿ ಜಗಳ ಆಡಬೇಡಿ.

ಗೌನ್ ಹೊಲಿಸಬೇಡಿ, ಒಂದು ದಿನದ ಬಟ್ಟೆಗೆ ಅಷ್ಟು ದುಡ್ಡು ದಂಡ. ಬಾಡಿಗೆಗೆ ತಗೊಳ್ಳಿ. ತರೋ ಮುಂಚೆ ಕೆಳ ಅಂಚು ನೋಡಿ, ಹಿಂದಿನ ಮದುವೆಯ ಕೆಮ್ಮಣ್ಣು ಅಲ್ಲೇ ಇರುತ್ತೆ. ವಾಪಸ್ ಕೊಡೋವಾಗ ಅದು ನೀವೇ ಮಾಡಿದ ಕಲೆ ಅಂತ ಡಿಪಾಸಿಟ್ ಹಿಡೀತಾರೆ. ನನಗೇ ಆಗಿದೆ. ಅವತ್ತಿಂದ ಗೌನ್ ತಗೊಳ್ಳೋವಾಗಲೇ ಅಂಚಿನ ಫೋಟೋ ತೆಗೆದಿಟ್ಟುಕೊಳ್ತೀನಿ.

ಆಮೇಲೆ, ಅಚ್ಚ ಬಿಳಿ ಬೇಡ. ನಮ್ಮ ಕಡೆ ಸ್ಟೇಜಿನ ಎಲ್ಇಡಿ ಬೆಳಕಿಗೆ ಅದು ನೀಲಿ ಹೊಡೆಯುತ್ತೆ, ಮುಖವೂ ಕಪ್ಪಗೆ ಬರುತ್ತೆ. ಕೆನೆ ಬಣ್ಣ ತಗೊಳ್ಳಿ. ಭಾವನವರಿಗೆ ಅದು ಬಿಳಿ ಅಲ್ಲ ಅಂತಲೂ ಹೇಳಬಹುದು!

---

ಮಗ್ಗದ ಮೆಕ್ಯಾನಿಕ್, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲ ಓದಿ ಹೇಳಿದೆ. ಹಗೇದಿಬ್ಬದವರದ್ದನ್ನೂ ಬಿಡಲಿಲ್ಲ, ಅಕ್ಕನೇ ಓದು ಅಂದಳು.

ಮೇಷ್ಟ್ರು ಬರೆದದ್ದನ್ನು ಭಾವ ಸುಮ್ನೆ ಕೇಳಿದರು. ಸೈಕಲ್, ವಾಚು ಬಂದಾಗ ಮಾತ್ರ ಅಕ್ಕನ ಮುಖ ನೋಡಿ ಕೆಮ್ಮಿದರು. ಅವರಿಗೆ ಮಾವನ ಮನೆಯಿಂದ ಬಂದ ವಾಚು ಇನ್ನೂ ಬೀರುವಿನಲ್ಲಿದೆ. ಡಾಕ್ಟ್ರಮ್ಮ ಬರೆದ ಕೆಂಪು ಶೂ ವಿಷಯ ಹುಡುಗಿ ಎರಡು ಸಲ ಓದಿಸಿದಳು.

ಕೊನೆಗೆ ನನ್ನ ಫೋನಿನಲ್ಲಿದ್ದ ಆ ಸುಝೋ ಮದುವೆಯ ಫೋಟೋ ತೆಗೆದು ತೋರಿಸಿದೆ. ಭಾವ ಕನ್ನಡಕ ಹಾಕಿಕೊಂಡು ಗೌನ್ ನೋಡಲಿಲ್ಲ, ಮೂಲೆಯಲ್ಲಿದ್ದ ಟೇಬಲ್ ದೊಡ್ಡದು ಮಾಡಿ ನೋಡಿದರು. "ಇವರೇನಾ ಮುಯ್ಯಿ ಬರೆಯೋರು? ಲೆಕ್ಕ ಸರಿ ಇಡ್ತಾರಾ?" ಹೌದು, ಎದುರಿಗೇ ಎಣಿಸ್ತಾರೆ, ಮುಂದೆ ಅವರ ಮನೆ ಮದುವೆಗೆ ಅಷ್ಟಕ್ಕಿಂತ ಚೂರು ಜಾಸ್ತಿ ವಾಪಸ್ ಹಾಕಬೇಕು, ಅದಕ್ಕೇ ಪುಸ್ತಕ ಎತ್ತಿಡ್ತಾರೆ ಅಂದೆ. "ಹಂಗಾದ್ರೆ ಮನುಷ್ಯರೇ ಬಿಡು" ಅಂದರು. ನಮ್ಮ ಹುಡುಗಿ ಲಗ್ನಪತ್ರಿಕೆಯಲ್ಲಿ "ಆಶೀರ್ವಾದವೇ ಉಡುಗೊರೆ" ಅಂತ ಹಾಕಿಸಬೇಕು ಅಂತಿದ್ದಳು. ಅದನ್ನ ಕೈಬಿಟ್ಟರೆ ಗೌನ್ ಬಗ್ಗೆ ಯೋಚನೆ ಮಾಡ್ತೀನಿ ಅಂತ ಭಾವನ ಷರತ್ತು. ಮೂವತ್ತು ವರ್ಷದಿಂದ ಊರೆಲ್ಲ ಹಾಕಿದ ಮುಯ್ಯಿ ವಾಪಸ್ ಬರೋ ಒಂದೇ ಸಂದರ್ಭ ಇದು, ಅದನ್ನೂ ಬೇಡ ಅಂದರೆ ಹೇಗೆ ಅಂತ ಅವರ ವಾದ.

ಹುಡುಗಿ ಐದು ನಿಮಿಷ ಯೋಚನೆ ಮಾಡಿ ಒಪ್ಪಿದಳು. ಕೆನೆ ಬಣ್ಣದ ಗೌನು, ಕೆಂಪು ಚಪ್ಪಲಿ, ಮೇಲೆ ಅಕ್ಕನ ಹಳೇ ಕೆಂಪು ಶಾಲು. ಫೋಟೋ ಕುಂದವಾಡ ಕೆರೆ ಏರಿ ಮೇಲೆ. ಕೇಕು ಬೇಡ ಅಂತ ನಾನೇ ಹೇಳಿದೆ, ಥರ್ಮಾಕೋಲ್ ನೆನಪಾಗಿ.

ಆ ಒಂದು ಯುವಾನ್ ನಾಣ್ಯ ನನ್ನ ಟೂಲ್ ಬಾಕ್ಸಲ್ಲಿ ಇನ್ನೂ ಇದೆ. ಸೋದರಮಾವನ ಕವರಿಗೆ ಅದನ್ನೇ ಅಂಟಿಸ್ತೀನಿ ಅಂದರೆ, "ಬಿಳಿ ಕವರ್ ಮಾತ್ರ ತರಬೇಡ" ಅಂದರು ಭಾವ.

ಕೋಟೆ ಕ್ಯಾಮೆರಾ ಅವರೇ, ದುರ್ಗದಲ್ಲಿ ಗೌನ್ ಬಾಡಿಗೆಗೆ ಕೊಡೋದು ಯಾವ ರಸ್ತೆಯಲ್ಲಿ ಅಂತ ಮೆಸೇಜ್ ಹಾಕಿ. ಭಾನುವಾರ ಬರ್ತಿದ್ದೀವಿ. ಭಾವನೂ ಬರ್ತಾರಂತೆ, ಕೆನೆ ಬಣ್ಣ ಎಷ್ಟು ಬಿಳಿ ಅಂತ ನೋಡೋಕೆ.